ಹಾಸನ: ಪ್ರೈವೇಟ್ ನರ್ಸ್‌ಗೆ 20 ಸಾವಿರ ಕೊಡ್ಲೇಬೇಕು ಅಂತ ರೂಲ್ಸ್ ಇದ್ಯಾ?

ಹೇಮಾವತಿ ದಡ:
ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ 4 ವರ್ಷ ಆಯ್ತು, ಹಾಸನದಲ್ಲೇ ಒಂದು 40 ಬೆಡ್ ನರ್ಸಿಂಗ್ ಹೋಮಲ್ಲಿದೀನಿ, ಹೆಸರು ಬೇಡ. ಕೈಗೆ 13,500 ಬರುತ್ತೆ. ನೈಟ್ ಡ್ಯೂಟಿಗೆ ನಾನೊಬ್ಳೇ, ಜೊತೆಗೊಬ್ರು ಆಯಮ್ಮ. ಮೊನ್ನೆ 26 ಪೇಷಂಟ್, ಒಂದು ಕಡೆ ಡ್ರಿಪ್ ಖಾಲಿಯಾಗಿ ಪೈಪಲ್ಲಿ ರಕ್ತ ವಾಪಸ್ ಬರ್ತಿದೆ ಅಂತ ಅಟೆಂಡರ್ ಕೂಗ್ತಿದಾರೆ, ಇನ್ನೊಂದು ಕಡೆ ಒಬ್ರು ಅಜ್ಜಿಗೆ ಉಸಿರಾಡಕ್ಕೇ ಆಗ್ತಿಲ್ಲ, ಅಜ್ಜಿ ಹತ್ರ ಓಡ್ದೆ, ಬೆಳಿಗ್ಗೆ ಡ್ರಿಪ್ ಕಡೆಯೋರು ಕಂಪ್ಲೇಂಟ್ ಕೊಟ್ರು, ಮೆಮೊ ನಂಗೆ. ಸುಪ್ರೀಂ ಕೋರ್ಟೇ 20 ಸಾವಿರ ಅಂದಿದೆ ಅಂತಾಳೆ ಫ್ರೆಂಡ್, ನಿಜಾನಾ? ಒಬ್ರಿಗೆ ಇಷ್ಟೇ ಪೇಷಂಟ್ ಅಂತ ಲೆಕ್ಕ ಏನಾದ್ರೂ ಇದ್ಯಾ?

ಅರಸೀಕೆರೆ ತೆಂಗು:
ಅರ್ಧ ನಿಜ. 2016ರಲ್ಲಿ ಕೋರ್ಟ್ ಸಂಬಳ ಫಿಕ್ಸ್ ಮಾಡ್ಲಿಲ್ಲ, ಕಮಿಟಿ ಮಾಡಿ ಅಂತ ಕೇಂದ್ರಕ್ಕೆ ಹೇಳ್ತು. ಕಮಿಟಿ ಹೇಳಿದ್ದು 200 ಬೆಡ್ ದಾಟಿದ್ರೆ ಸರ್ಕಾರಿ ನರ್ಸ್‌ಗೆ ಎಷ್ಟೋ ಅಷ್ಟು, 100 ದಾಟಿದ್ರೆ ಅದಕ್ಕಿಂತ 10 ಪರ್ಸೆಂಟ್ ಕಮ್ಮಿವರೆಗೆ ಓಕೆ, 50ರಿಂದ 100ಕ್ಕೆ 25 ಪರ್ಸೆಂಟ್, 50ರ ಒಳಗಿದ್ರೂ 20 ಸಾವಿರಕ್ಕಿಂತ ಇಳೀಬಾರ್ದು. ನಿಮ್ದು ಈ ಕೊನೇದು. ಆದ್ರೆ ಇದು ಶಿಫಾರಸು ಅಷ್ಟೆ ಕಣ್ರೀ, ಆರೋಗ್ಯ ರಾಜ್ಯದ ವಿಷಯ ಅಂತ ರಾಜ್ಯಗಳಿಗೆ ಕಳಿಸಿ ಕೇಂದ್ರ ಕೈ ತೊಳ್ಕೊಂಡ್ತು. ಲೇಬರ್ ಆಫೀಸಲ್ಲಿ ನಡೆಯೋದು ಕನಿಷ್ಠ ವೇತನದ ನೋಟಿಫಿಕೇಶನ್, ಅದು ನರ್ಸಿಂಗ್ ಹೋಮ್‌ಗೂ ಇದೆ, ಅದನ್ನ ತೆಗೆಸಿ ನೋಡಿ.

ಗಿರಿ ಸಿಸ್ಟರ್:
ಚಿಕ್ಕಮಗಳೂರು ಕಡೆ ಸರ್ಕಾರಿ ಸರ್ವೀಸ್ ಮುಗಿಸಿ ರಿಟೈರ್ ಆದೋಳು ನಾನು. ನರ್ಸಿಂಗ್ ಕೌನ್ಸಿಲ್ ಲೆಕ್ಕ ಜನರಲ್ ವಾರ್ಡಿಗೆ 1:5, ಎಲ್ರೂ ಒಬ್ರಿಗೆ ಐದೇ ಪೇಷಂಟ್ ಅಂದ್ಕೋತಾರೆ, ಅಲ್ಲ ಕಣಮ್ಮ, ಅದು ಮೂರೂ ಶಿಫ್ಟ್ ಸೇರಿ, ಒಂದು ಶಿಫ್ಟಿಗೆ 1:15 ಬೀಳುತ್ತೆ. 30 ಬೆಡ್ಡಿಗೆ ಆರು ಜನ, ಶಿಫ್ಟಿಗೆ ಇಬ್ರು. ರಜೆಗೆ ಅಂತ 30 ಪರ್ಸೆಂಟ್ ಎಕ್ಸ್‌ಟ್ರಾ ಇಡ್ಬೇಕು, ಹತ್ರಹತ್ರ ಎಂಟು. ಆ ಕೊನೇ ಇಬ್ರನ್ನ ಯಾರೂ ತಗೊಳಲ್ಲ, ಹಂಗಾಗಿ ಒಬ್ಳು ಬಾಣಂತನಕ್ಕೆ ಹೋದ್ರೆ ಉಳಿದೋರಿಗೆ ಡಬಲ್ ಡ್ಯೂಟಿ. 26ಕ್ಕೆ ಒಬ್ಳೇ ಅನ್ನೋದು ಈ ಜಿಪುಣ ಲೆಕ್ಕಕ್ಕೂ ಕೂರಲ್ಲ. ಮೆಮೊಗೆ ಬಾಯಲ್ಲಿ ಉತ್ತರ ಕೊಡ್ಬೇಡ. ಆ ರಾತ್ರಿ ಸೆನ್ಸಸ್, ಅಂದ್ರೆ ವಾರ್ಡಲ್ಲಿದ್ದ ಪೇಷಂಟ್ ಲೆಕ್ಕ, ಎಷ್ಟು, ಎಷ್ಟೊತ್ತಿಗೆ ಡಾಕ್ಟರ್‌ಗೆ ಫೋನ್ ಮಾಡ್ದೆ, ಎಲ್ಲ ಬರ್ದು ಕೊಟ್ಟು ನಿನ್ ಕಾಪಿ ಮೇಲೆ ಸೀಲ್ ಹಾಕಿಸ್ಕೊ.

ಮಲೆನಾಡ್ ಮಳೆ:
ಸಣ್ಣ ಆಸ್ಪತ್ರೆ ಅಕೌಂಟ್ಸ್ ನೋಡೋನು ನಾನು, ಬೈಬೇಡಿ. ಸರ್ಕಾರಿ ಸ್ಕೀಮಲ್ಲಿ ಬರೋ ಪೇಷಂಟ್ ದುಡ್ಡು ತಿಂಗಳುಗಟ್ಲೆ ಬರಲ್ಲ, ಕಲಿಸಿದ ಹುಡುಗೀರು ವರ್ಷಕ್ಕೇ ಬೆಂಗಳೂರಿಗೆ ಹೋಗ್ತಾರೆ, ನಾವೆಲ್ಲಿಂದ ಕೊಡೋಣ?

ಗಿರಿ ಸಿಸ್ಟರ್:
13,500ಕ್ಕೆ ಹೋಗದೆ ಇನ್ನೇನ್ ಮಾಡ್ತಾರಪ್ಪ.

ಹೇಮಾವತಿ ದಡ:
ಥ್ಯಾಂಕ್ಸ್ ಅಕ್ಕ, ಇವತ್ತೇ ಬರೀತೀನಿ. ಒಂದೇ ಭಯ, ಸೇರುವಾಗ ಕೊಟ್ಟ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇನ್ನೂ ಆಫೀಸ್ ಬೀರುವಲ್ಲೇ ಇದೆ, ಮೊದ್ಲು ಅದನ್ನ ಈಚೆ ತೆಗೀಬೇಕು. 8 ಗಂಟೆಗೆ ಹ್ಯಾಂಡೋವರ್, ಇವತ್ತೂ ನೈಟೇ, ಬರ್ತೀನಿ.