ಸಹಾಯ ಬೇಕು: ತಂಡಕ್ಕೂ ಉಪಯೋಗವಾಗುವಂಥ ನಾಟಕ ವಿಮರ್ಶೆ ಬರೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಉಡುಪಿಯ ಹವ್ಯಾಸಿ ತಂಡವೊಂದು ಕಳೆದ ವಾರ ಬಯಲು ರಂಗಮಂದಿರದಲ್ಲಿ ಆಡಿದ ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕದ ಬಗ್ಗೆ ಸ್ಥಳೀಯ ಪತ್ರಿಕೆಯೊಂದಕ್ಕೆ ವಿಮರ್ಶೆ ಬರೆಯುತ್ತಿದ್ದು, ರಂಗಭೂಮಿಯ ಒಳಹೊರಗು ಬಲ್ಲ ಇಲ್ಲಿನ ಹಿರಿಯರ ಸಲಹೆ ಬೇಕಾಗಿದೆ.

ಚದುರಂಗದ ದೃಶ್ಯದಲ್ಲಿ ಸುಲ್ತಾನನ ಪಾತ್ರಧಾರಿ ಕಾಯಿಯನ್ನು ಬೆರಳಲ್ಲಿ ಹಿಡಿದೇ ಮಾತು ನಿಲ್ಲಿಸಿ ಮಲತಾಯಿಯ ಮುಖ ನೋಡಿದ ರೀತಿ ಬಹಳ ಹಿಡಿಸಿತು. ಅದನ್ನು ‘ಮನೋಜ್ಞ ಅಭಿನಯ’ ಎಂಬ ಸವೆದ ಮಾತಿನಲ್ಲಿ ಮುಗಿಸಲು ಮನಸ್ಸಿಲ್ಲ.

ತೊಡಕಿರುವುದು ವೇಷ ಬದಲಿಸಿ ಜನರನ್ನು ವಂಚಿಸುವ ಅಜೀಜನ ಪಾತ್ರದಲ್ಲಿ. ಆ ಕಲಾವಿದರು ಯಕ್ಷಗಾನದಲ್ಲಿ ಹಾಸ್ಯಗಾರರಾಗಿ ಪಳಗಿದವರು. ಪ್ರೇಕ್ಷಕರು ಮನಸಾರೆ ನಕ್ಕರು. ಆದರೆ ಸುಲ್ತಾನನ ಆಜ್ಞೆಯಂತೆ ಜನ ದೆಹಲಿ ಬಿಟ್ಟು ಹೊಸ ರಾಜಧಾನಿ ದೌಲತಾಬಾದಿಗೆ ಹೋಗುವ ದಾರಿಯಲ್ಲಿ, ಕಾಯಿಲೆಯ ಮಗುವನ್ನು ಹಕೀಮರಿಗೆ ತೋರಿಸಲು ಬಿಡಿರೆಂದು ಬೇಡಿಕೊಳ್ಳುವ ಹೆಂಗಸಿನ ಎದುರೂ ಅದೇ ಧಾಟಿ ಮುಂದುವರಿದದ್ದರಿಂದ ಅವನ ಕ್ರೌರ್ಯ ನಮಗೆ ತಟ್ಟಲೇ ಇಲ್ಲ. ಇದು ನಟರ ಅಭ್ಯಾಸಬಲವೋ ನಿರ್ದೇಶಕರ ಆಯ್ಕೆಯೋ ಪ್ರೇಕ್ಷಕನಾಗಿ ನನಗೆ ತಿಳಿಯುವುದಿಲ್ಲ. ಬರೆಯುವ ಮೊದಲು ನಿರ್ದೇಶಕರನ್ನು ಕೇಳುವುದು ಸರಿಯೇ, ಅಥವಾ ರಂಗದ ಮೇಲೆ ಕಂಡದ್ದಕ್ಕಷ್ಟೇ ಬದ್ಧನಾಗಿರಬೇಕೇ?

ಇದಲ್ಲದೆ, 13 ದೃಶ್ಯಗಳ ನಡುವೆ ಪ್ರತಿ ಸಲವೂ ದೀಪ ಆರಿಸಿ ಸಿಂಹಾಸನ ಎಳೆದಾಡಿದ್ದರಿಂದ ನಾಟಕದ ಲಯ ತಪ್ಪಿತು. ಇಂಥಲ್ಲಿ ಪರಿಹಾರವನ್ನೂ ವಿಮರ್ಶಕ ಸೂಚಿಸಬಹುದೇ? ಹಗಲೆಲ್ಲ ಉದ್ಯೋಗ ಮಾಡಿ ರಾತ್ರಿ ತಾಲೀಮು ನಡೆಸುವ ತಂಡದ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೂ ರಿಯಾಯಿತಿ ತೋರಿಸಿ ಬರೆದ ಹೊಗಳಿಕೆಯಿಂದ ಅವರಿಗೆ ಏನೂ ದಕ್ಕದು ಎಂದೇ ನನ್ನ ನಂಬಿಕೆ. ಕಥಾಸಾರಕ್ಕೆ ಎಷ್ಟು ಜಾಗ ಕೊಡುವುದು ಸೂಕ್ತ ಎಂಬುದನ್ನೂ ದಯವಿಟ್ಟು ತಿಳಿಸಿ. ಮುಂದಿನ ಪ್ರದರ್ಶನಕ್ಕೆ ಮುಂಚೆ ವಿಮರ್ಶೆ ಪ್ರಕಟವಾಗಬೇಕಿರುವುದರಿಂದ ಈ ವಾರದೊಳಗೆ ಉತ್ತರಿಸಿದರೆ ಉಪಕಾರವಾಗುತ್ತದೆ.