ದಾಳಿಯ ಭಯ ಮತ್ತು ಮನೆಯೊಳಗಿನ ಪಿಸ್ತೂಲು: ತುರ್ತುಚಿಕಿತ್ಸಾ ವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟರ್ ಅವರಿಗೆ ನಮಸ್ಕಾರ. ನಾವು ಅಮೆರಿಕದಲ್ಲಿ ನೆಲೆಸಿದ್ದೇವೆ. ಭಯೋತ್ಪಾದಕರ ದಾಳಿಯ ಸುದ್ದಿ ಬಂದಾಗಲೆಲ್ಲ ನಮ್ಮ ಯಜಮಾನರು ಮನೆಯಲ್ಲೊಂದು ಪಿಸ್ತೂಲು ಇರಲೇಬೇಕು, ಅದೂ ಗುಂಡು ತುಂಬಿಸಿ ಮಂಚದ ಪಕ್ಕದ ಡ್ರಾಯರಿನಲ್ಲಿ ಇರಬೇಕು ಎನ್ನುತ್ತಾರೆ. ನಮಗೆ ಐದು ವರ್ಷದ ಮಗಳು, ಹದಿನೈದು ವರ್ಷದ ಮಗ ಇದ್ದಾರೆ. ನಾವು ನಿಜವಾಗಿ ಹೆದರಬೇಕಾದದ್ದು ಯಾವುದಕ್ಕೆ?

ಉತ್ತರ: ನಮಸ್ಕಾರ. 2001ರ ಸೆಪ್ಟೆಂಬರ್ 11ರ ದಾಳಿಗೆ ಬಲಿಯಾದವರು 2,977 ಮಂದಿ. 2021ರ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಗುಂಡೇಟಿನಿಂದ ಸತ್ತವರು 48,830 ಮಂದಿ. ಅಂದರೆ ಆ ದಾಳಿಯಲ್ಲಿ ಹೋದಷ್ಟು ಜೀವಗಳು ಆ ವರ್ಷ ಸುಮಾರು ಇಪ್ಪತ್ತೆರಡು ದಿನಗಳಿಗೊಮ್ಮೆ ಹೋದವು. 2015ರ ಅಕ್ಟೋಬರಿನಲ್ಲಿ ಆರೆಗಾನ್ ರಾಜ್ಯದ ಕಾಲೇಜೊಂದರಲ್ಲಿ ಗುಂಡಿನ ದಾಳಿ ನಡೆದ ದಿನ ಅಧ್ಯಕ್ಷ ಒಬಾಮಾ ಅವರು, ಭಯೋತ್ಪಾದನೆಗೂ ಬಂದೂಕಿಗೂ ಬಲಿಯಾದ ಅಮೆರಿಕನ್ನರ ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿರೆಂದು ಸುದ್ದಿಸಂಸ್ಥೆಗಳನ್ನು ಕೇಳಿಕೊಂಡದ್ದು ಈ ಅಂತರ ಜನರ ಕಣ್ಣಿಗೆ ಬೀಳಲೆಂದೇ.

ಹಾಗೆಂದು ನಿಮ್ಮ ಯಜಮಾನರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಜನರನ್ನು ಹೆದರಿಸುವುದೇ ಭಯೋತ್ಪಾದಕರ ಉದ್ದೇಶ. 2016ರಲ್ಲಿ ಒರ್ಲ್ಯಾಂಡೊ ನಗರದ ನೈಟ್‌ಕ್ಲಬ್ಬಿನಲ್ಲಿ 49 ಮಂದಿಯನ್ನು ಕೊಂದ ಭಯೋತ್ಪಾದಕನ ಕೈಯಲ್ಲಿದ್ದದ್ದೂ ಬಂದೂಕೇ, ಆದ್ದರಿಂದ ಇವೆರಡನ್ನು ಪೂರ್ತಿ ಬೇರೆ ಮಾಡಲೂ ಬರುವುದಿಲ್ಲ. ಆದರೆ ನಿಮ್ಮ ಮನೆಯ ಮಟ್ಟಿಗೆ ನೋಡಬೇಕಾದದ್ದು ಆ 48,830ರ ಒಳಗೆ ಏನಿದೆ ಎಂಬುದನ್ನು. ಅವುಗಳಲ್ಲಿ 26,328 ಆತ್ಮಹತ್ಯೆಗಳು; ಅರ್ಧಕ್ಕಿಂತ ಹೆಚ್ಚಿನ ಸಾವುಗಳಲ್ಲಿ ಹೊರಗಿನಿಂದ ಬಂದ ಶತ್ರು ಯಾರೂ ಇರಲಿಲ್ಲ. ಇನ್ನು ಕೊಲೆಯ ವಿಚಾರ: ಕ್ಯಾಲಿಫೋರ್ನಿಯಾದಲ್ಲಿ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ತಾವು ಪಿಸ್ತೂಲು ಹೊಂದಿರದಿದ್ದರೂ ಪಿಸ್ತೂಲು ಇರುವವರ ಜೊತೆ ಒಂದೇ ಮನೆಯಲ್ಲಿ ವಾಸಿಸುವವರು ಕೊಲೆಯಾಗುವ ಸಂಭವ, ಪಿಸ್ತೂಲಿಲ್ಲದ ಮನೆಯವರಿಗಿಂತ ಎರಡು ಪಟ್ಟಿಗೂ ಹೆಚ್ಚೆಂದು ಕಂಡುಬಂದಿತು. ರಕ್ಷಣೆಗೆಂದು ತಂದ ವಸ್ತು ಮನೆಯವರನ್ನು ರಕ್ಷಿಸಿದ ಲಕ್ಷಣ ಅಲ್ಲಿ ಕಾಣಲಿಲ್ಲ. ಪಿಸ್ತೂಲು ತರದೇ ಇರುವುದೇ ನಿಮ್ಮ ಮಕ್ಕಳಿಗೆ ಅತ್ಯಂತ ಕ್ಷೇಮ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮರುಪ್ರಶ್ನೆ: ಡಾಕ್ಟರ್ ಅವರೇ, ಮೇಲಿನ ಪ್ರಶ್ನೆ ಕೇಳಿದವರ ಪತಿ ನಾನು. ಬೀಗ ಹಾಕಿಟ್ಟ ಪಿಸ್ತೂಲು ಆಪತ್ತಿನ ಹೊತ್ತಿಗೆ ಕೈಗೆ ಸಿಗುವುದಾದರೂ ಹೇಗೆ? ಅದು ಎಲ್ಲಿದೆಯೆಂದು ಮಕ್ಕಳಿಗೆ ಹೇಳದಿದ್ದರೆ, ಇಟ್ಟುಕೊಂಡರೂ ಮ್ಯಾಗಜೀನ್ (ಗುಂಡುಗಳನ್ನು ತುಂಬಿಡುವ, ಕಳಚಬಹುದಾದ ಡಬ್ಬಿ) ತೆಗೆದಿಟ್ಟರೆ ಸಾಲದೇ?

ಉತ್ತರ: ಖಂಡಿತ ಸಾಲದು. ಬಂದೂಕಿರುವ ಮನೆಗಳ ತಂದೆತಾಯಿಯರನ್ನೂ ಮಕ್ಕಳನ್ನೂ ಬೇರೆಬೇರೆಯಾಗಿ ವಿಚಾರಿಸಿದ, 2006ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಬಂದೂಕು ಇಟ್ಟ ಜಾಗ ಮಕ್ಕಳಿಗೆ ಗೊತ್ತಿಲ್ಲವೆಂದು ಹೇಳಿದ ಪಾಲಕರಲ್ಲಿ ಶೇ. 39 ಮಂದಿಯ ಮಾತನ್ನು ಅವರ ಮಕ್ಕಳೇ ಅಲ್ಲಗಳೆದರು. ಮಗು ಅದನ್ನು ಮುಟ್ಟಿಯೇ ಇಲ್ಲವೆಂದವರಲ್ಲಿ ಶೇ. 22 ಮಂದಿಯ ಮಕ್ಕಳು ತಾವು ಮುಟ್ಟಿದ್ದೇವೆ ಎಂದರು. ಮಕ್ಕಳಿಗೆ ಮನೆಯ ಮೂಲೆಮೂಲೆಯೂ ಗೊತ್ತಿರುತ್ತದೆ.

ಮ್ಯಾಗಜೀನಿನ ವಿಷಯವನ್ನು ದಯವಿಟ್ಟು ಗಮನವಿಟ್ಟು ಓದಿ. ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನ, ಎಂದರೆ ಪ್ರತಿ ಸಲ ಹಾರಿಸಿದಾಗಲೂ ಮುಂದಿನ ಗುಂಡು ತಾನಾಗಿಯೇ ಏರುವ ಪಿಸ್ತೂಲಿನ, ಮ್ಯಾಗಜೀನ್ ಹೊರತೆಗೆದರೂ ಚೇಂಬರಿನಲ್ಲಿ (ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗದಲ್ಲಿ) ಒಂದು ಗುಂಡು ಉಳಿದಿರಬಹುದು, ಮತ್ತು ಟ್ರಿಗರ್ ಒತ್ತಿದರೆ ಹಲವು ಮಾದರಿಗಳಲ್ಲಿ ಅದು ಹಾರಿಯೇ ಹಾರುತ್ತದೆ. ನಳಿಗೆಯನ್ನು ಯಾರ ಕಡೆಗೂ ತಿರುಗಿಸದೆ, ಬೆರಳನ್ನು ಟ್ರಿಗರಿನಿಂದ ದೂರವಿಟ್ಟು, ಮೊದಲು ಮ್ಯಾಗಜೀನ್ ತೆಗೆಯಬೇಕು. ಆಮೇಲೆ ಸ್ಲೈಡನ್ನು (ಪಿಸ್ತೂಲಿನ ಮೇಲ್ಗಡೆ ಹಿಂದೆಮುಂದೆ ಸರಿಯುವ ಭಾಗವನ್ನು) ಹಿಂದಕ್ಕೆಳೆದು ಹಿಡಿದು, ಚೇಂಬರ್ ಖಾಲಿಯೆಂದು ಕಣ್ಣಿನಿಂದ ನೋಡಿಯೂ ಬೆರಳಿನಿಂದ ಮುಟ್ಟಿಯೂ ಖಚಿತಪಡಿಸಿಕೊಳ್ಳಬೇಕು. ಈ ಕ್ರಮ ತಿರುವುಮುರುವಾದರೆ, ಎಂದರೆ ಮ್ಯಾಗಜೀನ್ ಒಳಗಿರುವಾಗಲೇ ಸ್ಲೈಡ್ ಎಳೆದು ಬಿಟ್ಟರೆ, ಹೊಸದೊಂದು ಗುಂಡು ಚೇಂಬರಿಗೆ ಏರಿ ಕುಳಿತುಕೊಳ್ಳುತ್ತದೆ. ಆಮೇಲೆ ಮ್ಯಾಗಜೀನ್ ತೆಗೆದವರು ಪಿಸ್ತೂಲು ಖಾಲಿಯಾಯಿತೆಂದೇ ನಂಬಿರುತ್ತಾರೆ. ಇದನ್ನು ಓದಿ ಕಲಿಯದೆ, ತರಬೇತುದಾರರ ಎದುರಿನಲ್ಲಿ ಅಭ್ಯಾಸ ಮಾಡಿ.

ಇಟ್ಟುಕೊಳ್ಳುವುದೇ ನಿಮ್ಮ ನಿರ್ಧಾರವಾದರೆ, ಖಾಲಿ ಪಿಸ್ತೂಲು ಬೀಗದೊಳಗಿರಲಿ, ಗುಂಡುಗಳು ಬೇರೆ ಕಡೆ ಬೇರೆ ಬೀಗದೊಳಗಿರಲಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆಯೂ ಇದೇ. ಬೆರಳಚ್ಚು ಅಥವಾ ಸಂಕೇತಸಂಖ್ಯೆಯಿಂದ ಕ್ಷಣಾರ್ಧದಲ್ಲಿ ತೆರೆಯುವ ಸಣ್ಣ ಸೇಫ್‌ಗಳು ಸಿಗುತ್ತವೆ. ಗುಂಡು ತುಂಬಿದ ಪಿಸ್ತೂಲನ್ನು ಅದರಲ್ಲಿಡಿ ಎಂದು ನಾನು ಹೇಳಲಾರೆ, ಆದರೂ ತೆರೆದ ಡ್ರಾಯರಿಗಿಂತ ಅದು ಎಷ್ಟೋ ಮೇಲು. ಸಂಖ್ಯೆಯಾಗಿ ಮಕ್ಕಳ ಹುಟ್ಟಿದ ದಿನವನ್ನು ಮಾತ್ರ ಇಡಬೇಡಿ.

ಇನ್ನೊಬ್ಬ ತಾಯಿಯ ಪ್ರಶ್ನೆ: ಹದಿನಾರರ ನನ್ನ ಮಗ ಕೆಲವು ವಾರಗಳಿಂದ ಯಾರೊಡನೆಯೂ ಮಾತನಾಡುತ್ತಿಲ್ಲ, ಊಟ, ನಿದ್ದೆ ಎರಡೂ ಕಡಿಮೆಯಾಗಿವೆ. ಮನೆಯಲ್ಲಿ ಬಂದೂಕು ಇದೆ, ಬೀಗವೂ ಇದೆ. ಇಷ್ಟಿದ್ದರೆ ಸಾಕೇ, ಡಾಕ್ಟರ್?

ಉತ್ತರ: ತಾಯಿ, ನಿಮ್ಮ ಮನೆಯ ಈಗಿನ ಸ್ಥಿತಿಗೆ ಬೀಗ ಸಾಲದು. ಬಂದೂಕನ್ನು ಇವತ್ತೇ ಮನೆಯಿಂದ ಹೊರಗೆ ಸಾಗಿಸಿ. ಕೆಲವು ಬಂದೂಕು ಅಂಗಡಿಗಳೂ ಪೊಲೀಸ್ ಠಾಣೆಗಳೂ ತಾತ್ಕಾಲಿಕವಾಗಿ ಇಟ್ಟುಕೊಳ್ಳುತ್ತವೆ. ನಂಬಿಕಸ್ಥರಿಗೆ ಕೊಡುವ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾದ್ದರಿಂದ ಮೊದಲು ಫೋನ್ ಮಾಡಿ ವಿಚಾರಿಸಿ. ಇಷ್ಟು ಅವಸರಪಡಿಸಲು ಕಾರಣವಿದೆ. ಸಾಯಬೇಕೆಂಬ ಆವೇಗ ಎಷ್ಟೋ ಸಲ ಕೆಲವೇ ನಿಮಿಷಗಳಲ್ಲಿ ಏರಿ ಇಳಿಯುತ್ತದೆ, ಆ ಹೊತ್ತಿನಲ್ಲಿ ಕೈಗೆ ಬಂದೂಕು ಸಿಕ್ಕರೆ ಬದುಕುವ ಅವಕಾಶ ಬಹಳ ಕಡಿಮೆ. ಅದನ್ನು ದಾಟಿ ಬದುಕಿ ಉಳಿದವರಲ್ಲಿ ಬಹುಪಾಲು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ನಿಮ್ಮ ಮಗನಿಗೆ ಆ ಕಾಲಾವಕಾಶ ಸಿಗುವಂತೆ ಮಾಡುವುದು ನಿಮ್ಮ ಕೈಯಲ್ಲಿದೆ.

ಸಾಯುವ ಯೋಚನೆ ಬರುತ್ತಿದೆಯೇ ಎಂದು ಅವನನ್ನು ನೇರವಾಗಿಯೇ ಕೇಳಿ. ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿಯಾದ 988 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಬಹುದು, ಸಂದೇಶವನ್ನೂ ಕಳಿಸಬಹುದು. ತನ್ನನ್ನು ತಾನು ಘಾಸಿಗೊಳಿಸಿಕೊಳ್ಳುವ ಸೂಚನೆ ಕಂಡರೆ ಅವನನ್ನು ಒಬ್ಬನನ್ನೇ ಬಿಡದೆ ತುರ್ತುಸೇವೆಯ 911ಕ್ಕೆ ಕರೆ ಮಾಡಿ. ಅವನು ಹೋಗಿಬರುವ ಗೆಳೆಯರ ಮನೆಗಳಿಗೂ ಇವತ್ತೇ ಫೋನ್ ಮಾಡಿ, ಅಲ್ಲಿ ಬಂದೂಕಿದೆಯೇ, ಬೀಗದಲ್ಲಿದೆಯೇ ಎಂದು ಸಂಕೋಚಪಡದೆ ವಿಚಾರಿಸಿ.