ಸಹಾಯ ಬೇಕು: ತಮ್ಮನ ಮಂಡಿಯ ಎಸಿಎಲ್ ಹರಿದಿದೆ, ಆಪರೇಷನ್ ಆದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 24 ವರ್ಷ. ಮೂರು ವಾರದ ಹಿಂದೆ ಕಬಡ್ಡಿಯಲ್ಲಿ ರೈಡ್‌ಗೆ ಹೋದವನು ಗಕ್ಕನೆ ತಿರುಗಿದ. ಪಾದ ನೆಲಕ್ಕೇ ಕಚ್ಚಿಕೊಂಡಿತ್ತು, ಮಂಡಿ ತಿರುಚಿತು. 'ಟಪ್' ಅಂತ ಸದ್ದು ಅವನಿಗೇ ಕೇಳಿಸಿತಂತೆ. ಎರಡು ಗಂಟೆಯೊಳಗೆ ಮಂಡಿ ತೆಂಗಿನಕಾಯಿ ಹಾಗೆ ಊದಿತು.

ಎಕ್ಸ್‌ರೇಯಲ್ಲಿ ಮೂಳೆ ಸರಿಯಿದೆ ಅಂತ ಬಂತು. ಉಳುಕು ಅಂದುಕೊಂಡು ಎಣ್ಣೆ ಹಚ್ಚಿ ನೀವಿಸಿದೆವು. ಊತ ಇನ್ನೂ ಜಾಸ್ತಿಯಾಯಿತು. ಎಕ್ಸ್‌ರೇಯಲ್ಲಿ ಲಿಗಮೆಂಟ್ (ಮೂಳೆಗೆ ಮೂಳೆ ಜೋಡಿಸುವ ಪಟ್ಟಿ) ಕಾಣುವುದಿಲ್ಲ ಅಂತ ಆಗ ಗೊತ್ತಿರಲಿಲ್ಲ. ಎಂಆರ್‌ಐ ಮಾಡಿಸಿದಾಗ ಎಸಿಎಲ್ ಪೂರ್ತಿ ಹರಿದಿದೆ, ಒಳಬದಿಯ ಮೆನಿಸ್ಕಸ್‌ನಲ್ಲೂ ಸಣ್ಣ ಸೀಳಿದೆ ಅಂತ ತಿಳಿಯಿತು. ಎಸಿಎಲ್ ಅಂದರೆ ಮಂಡಿಯ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿಯುವ ಪಟ್ಟಿ. ಮೆನಿಸ್ಕಸ್ ಮೂಳೆಗಳ ನಡುವಿನ ಮೆತ್ತೆ.

ಈಗ ಊತ ಇಳಿದಿದೆ, ನಡೆಯುತ್ತಾನೆ. ಆದರೆ ಮೆಟ್ಟಿಲು ಇಳಿಯುವಾಗ ಮಂಡಿ ಇದ್ದಕ್ಕಿದ್ದಂತೆ ಕೈಕೊಡುತ್ತದೆ (ಕಾಲು ಕೈಕೊಡುವುದು ಅಂದರೆ ಇದೇ ಇರಬೇಕು!). ತೊಡೆಯ ಹಿಂಭಾಗದ ಟೆಂಡನ್ (ಸ್ನಾಯುವನ್ನು ಮೂಳೆಗೆ ಜೋಡಿಸುವ ನಾರು) ತೆಗೆದು ಹೊಸ ಲಿಗಮೆಂಟ್ ಕೂರಿಸಬೇಕು, ಮತ್ತೆ ಆಟಕ್ಕಿಳಿಯಲು ಕನಿಷ್ಠ 9 ತಿಂಗಳು ಬೇಕು ಅಂತಾರೆ ಡಾಕ್ಟರು. ಇವನು ಅಷ್ಟು ದಿನ ಸುಮ್ನೆ ಕೂರುವ ಆಸಾಮಿ ಅಲ್ಲ.

ಅನುಭವ ಇರುವವರು ದಯವಿಟ್ಟು ಹೇಳಿ. ಆಪರೇಷನ್‌ಗೆ ಮೊದಲು ಫಿಸಿಯೋಥೆರಪಿ ಎಷ್ಟು ವಾರ ಮಾಡಿದಿರಿ? ಊರುಗೋಲು ಬಿಟ್ಟಿದ್ದು ಯಾವಾಗ? ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ, ಇಂಡಿಯನ್ ಟಾಯ್ಲೆಟ್ ಬೇರೆ. ಮೊದಲ ತಿಂಗಳು ಹೇಗೆ ನಿಭಾಯಿಸಿದಿರಿ? ಆಪರೇಷನ್ ಇಲ್ಲದೆ ಬರೀ ವ್ಯಾಯಾಮದಿಂದ ಆಟಕ್ಕೆ ಮರಳಿದವರಿದ್ದರೆ ಅದನ್ನೂ ಬರೆಯಿರಿ.